ಭಾಗ್ಯಮ್ಮನ ಒಂದು ಹಿಡಿ ಅಂಟುವಾಳ

ಬುಧವಾರ ಬೆಳಿಗ್ಗೆಯಿಂದ ಭಾಗ್ಯಮ್ಮ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಲೆ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದಳು. ಬಾಗಿಲಿಗೆ ಬಂದು ಯಾಕೆ ಬಂದೆ ಅಂತ ಮರೆತಳು. ಅಷ್ಟರಲ್ಲಿ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಗಂಡ ಹನುಮಯ್ಯ ಪೇಪರಿನಿಂದ ತಲೆಯೆತ್ತಿ, "ಏನೇ, ಮೈಮೇಲೆ ಏನಾದ್ರೂ ಬಂದೈತಾ?" ಅಂದ.

"ಬಂದ್ರೆ ಮೊದ್ಲು ನಿಮ್ಮನ್ನೇ ಇಡ್ಕೊತೈತೆ. ಸುಮ್ನೆ ಪೇಪರ್ ಓದ್ಕಳಿ" ಅಂದಳು ಭಾಗ್ಯಮ್ಮ.

ಬಾಯೇನೋ ಜೋರು. ಎದೆಯೊಳಗೆ ಮಾತ್ರ ಡವಡವ. ಶುಕ್ರವಾರಕ್ಕೆ ಎರಡೇ ದಿನ ಉಳಿದಿತ್ತು. ಆಕೆ ಕೆಲಸ ಮಾಡೋ ಕಾಲೇಜಿನ ಲ್ಯಾಬಿನಲ್ಲಿ ಲಾವಣ್ಯ ಅನ್ನೋ ಹುಡುಗಿಯ ಐದು ವರ್ಷದ ಸಂಶೋಧನೆ ನಿಜವೋ ಸುಳ್ಳೋ ಅಂತ ಶುಕ್ರವಾರ ತೀರ್ಮಾನ ಆಗೋದಿತ್ತು. ಸುಳ್ಳು ಅಂತಾದರೆ ಅವಳ ಪಿಎಚ್.ಡಿ. ಹೋಯಿತು, ಮಾನವೂ ಹೋಯಿತು. ಅದಕ್ಕೂ ಗಾಜು ತೊಳೆಯೋ ಭಾಗ್ಯಮ್ಮನಿಗೂ ಏನು ಸಂಬಂಧ ಅಂತೀರಾ? ಸಂಬಂಧ ಇತ್ತು ಅಂತಲೇ ಹಾಲು ಉಕ್ಕಿದ್ದು.

ಭಾಗ್ಯಮ್ಮ ಹುಟ್ಟಿದ್ದು ಅತ್ತಿಬೆಲೆ ಕಡೆ, ಸೇರಿದ್ದು ಚಂದಾಪುರದ ಪಕ್ಕದ ಊರಿಗೆ. ಆಕೆ ಬಂದಾಗ ಅದು ಊರು. ಈಗ ಕಂಡಕ್ಟರ್ ಕೂಗೋ ಒಂದು ಸ್ಟಾಪು, ಅಷ್ಟೇ. ರಾಗಿ ಹೊಲ ಲೇಔಟಾಯಿತು. ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಸಾಲಾಗಿ ರೂಮುಗಳು ಎದ್ದವು, ಫ್ಯಾಕ್ಟರಿಗೆ ಹೋಗೋ ಹುಡುಗರು ಬಾಡಿಗೆಗೆ ಬಂದರು. ಮಧ್ಯದಲ್ಲಿ ಅಂಟುವಾಳದ ಮರ ಒಂದು ಹಳೇ ಕಾಲದ್ದು ಹಾಗೇ ಉಳಿದುಕೊಂಡಿತ್ತು. "ಕಾಯಿ ಉದುರಿ ಬೈಕೆಲ್ಲ ಅಂಟಂಟು ಆಂಟಿ, ಕಡಿಸ್ಬಿಡಿ" ಅಂತ ಬಾಡಿಗೆಯವರು ಹೇಳೋರು. ಭಾಗ್ಯಮ್ಮ ಅವರನ್ನು ಒಂದು ನೋಟ ನೋಡೋಳು. ಆಮೇಲೆ ಅವರು ಬೈಕನ್ನೇ ಬೇರೆ ಕಡೆ ನಿಲ್ಲಿಸೋರು.

ಹನುಮಯ್ಯನಿಗೆ ಮಾತ್ರ ಒಂದೇ ಕೊರಗು. "ಓನರಮ್ಮ ಆಗಿ ಕಂಡೋರ ಗಾಜು ತೊಳ್ಯಕ್ಕೆ ಓಗ್ತೀಯಲ್ಲ, ಜನ ಏನಂತಾರೆ?" ಜನ ಏನಂತಾರೆ ಅಂತ ಯೋಚಿಸಲು ಭಾಗ್ಯಮ್ಮನಿಗೆ ಪುರುಸೊತ್ತಿರಲಿಲ್ಲ. ಆನೇಕಲ್ ರಸ್ತೆಯಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದಾಗ, ಬರೀ ನೋಡಿ ಬರೋಣ ಅಂತ ಹೋದವಳು ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಆಗಿ ಬಂದಿದ್ದಳು. ಮನೆಯಲ್ಲಿ ಎಷ್ಟು ಪಾತ್ರೆ ಬೆಳಗಿದರೂ ಉಂಡು ಎದ್ದು ಹೋಗೋರೇ ಹೊರತು ಯಾರೂ ತಿರುಗಿ ನೋಡಿರಲಿಲ್ಲ. ಇಲ್ಲಿ ಜ್ಯೋತಿಲಕ್ಷ್ಮಿ ಮೇಡಂ ಆಕೆ ತೊಳೆದ ಬುಡ್ಡಿಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ, "ಭೇಷ್" ಅನ್ನೋರು. ಫ್ಲಾಸ್ಕ್ ಅನ್ನೋದು ನಾಲಿಗೆಗೆ ಬರುತ್ತಿತ್ತು, ಆದರೂ ಭಾಗ್ಯಮ್ಮ ಬುಡ್ಡಿ ಅಂತಲೇ ಕರೆಯೋಳು. ಹನ್ನೊಂದು ವರ್ಷದಲ್ಲಿ ಒಡೆದದ್ದು ನಾಲ್ಕೇ ಬುಡ್ಡಿ. ಆ ನಾಲ್ಕೂ ಯಾವ ದಿನ ಒಡೆದವು ಅಂತ ಆಕೆಗೆ ನೆನಪಿತ್ತು.

ಲಾವಣ್ಯ ಬಂದದ್ದು ಐದು ವರ್ಷದ ಕೆಳಗೆ. ಮಹದೇವಪುರದಿಂದ ಎರಡು ಬಸ್ಸು ಬದಲಿಸಿ, ಬೆವರು ಒರೆಸಿಕೊಳ್ಳುತ್ತಾ, ಒಂದು ಚೀಲ ಪುಸ್ತಕ ಹೊತ್ತು. ಮೇಡಂ ಅವಳ ಗೈಡು. ಹುಡುಗಿ ಮಾಡುತ್ತಿದ್ದ ಕೆಲಸ ನೋಡಿ ಭಾಗ್ಯಮ್ಮನಿಗೆ ಮೊದಲು ನಗು ಬಂತು. ಲಕ್ಕಿ ಸೊಪ್ಪಿನ ಕಷಾಯ! ಬಾಣಂತಿ ಸ್ನಾನದ ನೀರಿಗೆ ಹಾಕೋ ಸೊಪ್ಪನ್ನ ಇಲ್ಲಿ ಗಾಜಿನ ಪಾತ್ರೆಯಲ್ಲಿ ಕಾಯಿಸಿ ಸೋಸಿ, ಬೆಳ್ಳಿ ಉಪ್ಪು ಕರಗಿಸಿದ ನೀರಿಗೆ ತೊಟ್ಟು ತೊಟ್ಟಾಗಿ ಬಿಡುತ್ತಾ ಕೂರೋಳು.

"ಇದು ಜೇನಿನ ಬಣ್ಣಕ್ಕೆ ತಿರುಗ್ಬೇಕು ಅಕ್ಕಾ" ಅಂತ ಲಾವಣ್ಯ ವಿವರಿಸಿದ್ದಳು. "ಹಾಗೆ ತಿರುಗಿದ್ರೆ ಒಳಗೆ ಬೆಳ್ಳಿಯ ಕಣ ಹುಟ್ಟಿದೆ ಅಂತ. ನ್ಯಾನೊ ಕಣ. ಕಣ್ಣಿಗೆ ಕಾಣದಷ್ಟು ಸಣ್ಣದು, ಆದ್ರೆ ಅದರ ಮೇಲೆ ಬೆಳಕು ಬಿದ್ರೆ ಆ ಬಣ್ಣ ಕಾಣುತ್ತೆ. ಅದಕ್ಕೆ ಬೋರ್‌ವೆಲ್ ನೀರು ಹಾಕಿ. ನೀರಲ್ಲಿ ಪಾದರಸದ ವಿಷ ಇದ್ರೆ ಬಣ್ಣ ಮಾಯ! ದೊಡ್ಡ ಮಿಷನ್ ಬೇಡ, ಏನೂ ಬೇಡ. ಬರೀ ಕಣ್ಣಲ್ಲೇ ಹೇಳ್ಬಹುದು."

"ಅಂಗಾದ್ರೆ ಮಾಡವ್ವ, ತಡ ಯಾಕೆ?"

"ಕಣಗಳು ಒಂದಕ್ಕೊಂದು ಅಂಟ್ಕೊಂಡ್ಬಿಡ್ತವೆ ಅಕ್ಕಾ. ಅಂಟಿದ್ರೆ ಕಪ್ಪಾಗಿ ತಳ ಸೇರ್ತವೆ. ಶ್ಯಾವಿಗೆ ಬೇಯಿಸೋವಾಗ ಎಣ್ಣೆ ಬಿಡಲ್ವಾ ಅಂಟದೇ ಇರ್ಲಿ ಅಂತ? ಸೊಪ್ಪಿನ ಸತ್ವ ಇಲ್ಲಿ ಆ ಎಣ್ಣೆ ಕೆಲಸ ಮಾಡ್ಬೇಕು."

ಮಾಡಲಿಲ್ಲ. ಮೂರು ವರ್ಷ ಬುಡ್ಡಿಗಳೆಲ್ಲ ಕಪ್ಪು. ಸೊಪ್ಪು ಬದಲಾಯಿಸಿದಳು, ಬಿಸಿ ಬದಲಾಯಿಸಿದಳು, ಊಟ ಬಿಟ್ಟಳು. ಆ ಕಪ್ಪು ಕರೆಯನ್ನೆಲ್ಲ ತೊಳೆಯೋಳು ಭಾಗ್ಯಮ್ಮ. ನಿಯಮ ಅಂದರೆ, ಬೆಳ್ಳಿ ಕರೆ ಹಿಡಿದ ಬುಡ್ಡಿಯನ್ನು ಕಟು ಆಸಿಡ್ಡಿನಲ್ಲಿ ನೆನೆಸಿ, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಗಲಬರಿಸಬೇಕು. ಎರಡು ವರ್ಷದ ಹಿಂದೆ ಒಂದು ದಿನ ಗ್ಲೌಸ್ ಮುಗಿದಿದ್ದವು. ಸ್ಟೋರ್ಸಿನವರು ನಾಳೆ ನಾಳೆ ಅನ್ನುತ್ತಿದ್ದರು. ಬರಿಗೈಯಲ್ಲೇ ಎತ್ತಲು ಹೋದಳು, ಆಸಿಡ್ ಬಲಗೈ ಮಣಿಕಟ್ಟಿನ ಮೇಲೆ ಸಿಡಿಯಿತು. ಅಯ್ಯಪ್ಪಾ ಆ ಉರಿ! ಕೊಳಾಯಿ ಕೆಳಗೆ ಕೈ ಹಿಡಿದು, ಹಲ್ಲು ಕಚ್ಚಿ ನಿಂತಳು. ಚರ್ಮ ಸುಲಿದು ಬಂದರೂ ತುಟಿ ಬಿಚ್ಚಲಿಲ್ಲ. ಹನುಮಯ್ಯನಿಗೆ ಗೊತ್ತಾದರೆ ನಾಳೆಯೇ ಕೆಲಸ ಬಿಡಿಸ್ತಾನೆ. ಮೇಡಂಗೆ ಗೊತ್ತಾದರೆ "ವಯಸ್ಸಾಯ್ತು, ಬೇರೆಯವರನ್ನ ನೋಡೋಣ" ಅಂತಾರೆ. ಕೇಳಿದವರಿಗೆಲ್ಲ ಒಗ್ಗರಣೆ ಸಿಡೀತು ಅಂದಳು. ಮಣಿಕಟ್ಟಿನವರೆಗೆ ತೋಳು ಇಳಿಯೋ ರವಿಕೆ ಹೊಲಿಸಿಕೊಂಡಳು.

ಮಾರನೇ ದಿನ ಆಸಿಡ್ ಬಾಟಲಿ ಮುಂದೆ ನಿಂತಳು. ಮುಟ್ಟಲಾಗಲಿಲ್ಲ. ಆಗ ನೆನಪಾದಳು ಅತ್ತೆ ಮುನಿಯಕ್ಕ. ಊರಮ್ಮನ ಬೆಳ್ಳಿ ಮುಖವಾಡವನ್ನು ವರ್ಷಕ್ಕೊಮ್ಮೆ ಹಬ್ಬದ ಮುಂಚೆ ತೊಳೆಯೋ ಹಕ್ಕು ಅವರ ಮನೆಯದು. ತಲೆತಲಾಂತರದಿಂದ ಬಂದದ್ದು. ಅದಕ್ಕೆ ಸೋಪು ತಾಗಿಸೋಹಾಗಿಲ್ಲ, ಪುಡಿ ತಾಗಿಸೋಹಾಗಿಲ್ಲ. ಹಿತ್ತಲ ಮರದ ಅಂಟುವಾಳವೇ ಆಗಬೇಕು. ಬೀಜ ತೆಗೆದ ಸಿಪ್ಪೆ ಒಂದು ಹಿಡಿ, ಒಂದು ಚೊಂಬು ನೀರು, ರಾತ್ರಿಯೆಲ್ಲ ನೆನೆಯಬೇಕು. ಭಾಗ್ಯಮ್ಮ ಸೊಸೆಯಾಗಿ ಬಂದ ವರ್ಷ ಆ ಹಿಡಿಗಾಗಿ ತಿಂದ ಏಟು ಅಷ್ಟಿಷ್ಟಲ್ಲ. ಜಾಸ್ತಿಯಾದರೆ ಮುಂಗೈ ಮೇಲೆ ಪಟ್ ಅಂತ ಒಂದು. "ಅಮ್ಮನ ಮುಖ ಮಂಕಾಗ್ತದೆ ಕಣೇ!" ಕಮ್ಮಿಯಾದರೆ ಇನ್ನೊಂದು. "ಕರೆ ನಿನ್ನಪ್ಪ ಬಂದು ತೆಗೀತಾನಾ?" ಮೂರು ಹಬ್ಬ ಕಳೆಯೋ ಹೊತ್ತಿಗೆ ಆಕೆಯ ಮುಷ್ಟಿ ಕಣ್ಣು ಮುಚ್ಚಿದರೂ ತಪ್ಪುತ್ತಿರಲಿಲ್ಲ.

ಬೆಳ್ಳಿ ತಾನೇ? ಬೆಳ್ಳಿ ಕರೆ ತಾನೇ? ಅಮ್ಮನ ಮುಖಕ್ಕೆ ಆಗೋದು ಈ ಬುಡ್ಡಿಗೆ ಆಗಲ್ವಾ? ಭಾಗ್ಯಮ್ಮನ ಲೆಕ್ಕಾಚಾರ ಅಷ್ಟೇ. ಮನೆಯಿಂದ ಅಂಟುವಾಳ ತಂದಳು, ರಾತ್ರಿ ನೆನೆಸಿದಳು, ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದಳು, ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಗಲಬರಿಸಿದಳು. ಬುಡ್ಡಿ ಫಳಫಳ. ಮೇಡಂ ಬೆಳಕಿಗೆ ಹಿಡಿದು "ಭೇಷ್" ಅಂದರು. ಆಸಿಡ್ ಬಾಟಲಿ ಯಾಕೆ ಖಾಲಿಯಾಗ್ತಿಲ್ಲ ಅಂತ ಯಾರೂ ಕೇಳಲಿಲ್ಲ.

ಅದೇ ತಿಂಗಳು ಲಾವಣ್ಯಳ ಬುಡ್ಡಿಯಲ್ಲಿ ಜೇನು ಬಣ್ಣ ಬಂತು. ಬಂತು ಅಂದರೆ ಬಂದೇ ಬಿಟ್ಟಿತು, ವಾರಗಟ್ಟಲೆ ಇಟ್ಟರೂ ಕಪ್ಪಾಗಲಿಲ್ಲ. ಪಾದರಸದ ನೀರು ಹಾಕಿದರೆ ಕಣ್ಣೆದುರೇ ಮಾಯ. ಹುಡುಗಿ ಕಾರಿಡಾರಿನಲ್ಲಿ ಕುಣಿದಾಡಿದಳು. ಎದುರು ಸಿಕ್ಕ ಫಿಸಿಕ್ಸ್ ಲ್ಯಾಬಿನ ಅಟೆಂಡರ್ ಇರಣ್ಣನ ಕೈ ಹಿಡಿದು ಕುಲುಕಿದಳು. ಆತ ಗಾಬರಿಯಾಗಿ "ಏನಾತ್ರೀ ಮೇಡಂ, ಯಾರಿಗೇನಾತು?" ಅಂದ. ಲಕ್ಕಿ ಸೊಪ್ಪಿನ ಹೆಸರಿನಲ್ಲಿ ಲೇಖನ ಪ್ರಕಟವಾಯಿತು. ಲಾವಣ್ಯಳ ಹೆಸರು, ಮೇಡಂ ಹೆಸರು.

ಈ ವರ್ಷ ಫೆಬ್ರವರಿಯಲ್ಲಿ ಮಗಳು ಮಾಲಾಳ ಹೆರಿಗೆಗೆ ಭಾಗ್ಯಮ್ಮ ಇಪ್ಪತ್ತು ದಿನ ರಜೆ ಹಾಕಿದಳು. ಬದಲಿಗೆ ಇರಣ್ಣ ಬುಡ್ಡಿ ತೊಳೆದ. ಇಪ್ಪತ್ತು ದಿನವೂ ಲ್ಯಾಬಿನಲ್ಲಿ ಬರೀ ಕಪ್ಪು. ಬಿಸಿಲಿಗೆ ಸೊಪ್ಪು ಬಾಡಿದೆ ಅಂತ ಲಾವಣ್ಯ ಸಮಾಧಾನ ಮಾಡಿಕೊಂಡಳು. ಭಾಗ್ಯಮ್ಮ ವಾಪಸ್ ಬಂದ ವಾರವೇ ಜೇನು ಬಣ್ಣ ತಿರುಗಿ ಬಂತು.

"ಅಕ್ಕಾ, ಇದು ನಿಮ್ಮ ಕೈಗುಣ! ಇನ್ಮೇಲೆ ರಜೆ ಗಿಜೆ ಅಂದ್ರೆ ನೋಡಿ!"

ತಮಾಷೆಯಾಗಿ ಹುಟ್ಟಿದ ಮಾತು ಲ್ಯಾಬಿನಲ್ಲೆಲ್ಲ ಹಬ್ಬಿತು. ಬೇರೆ ವಿದ್ಯಾರ್ಥಿಗಳೂ ಪ್ರಯೋಗ ಶುರು ಮಾಡೋ ಮುಂಚೆ "ಅಕ್ಕಾ, ಒಂದ್ಸಲ ಮುಟ್ಟಿಕೊಡಿ" ಅಂತ ಬುಡ್ಡಿ ತರೋರು. ಭಾಗ್ಯಮ್ಮ "ಓಗ್ರೋ, ತಲೆಹರಟೆಗಳಾ" ಅಂತ ಗದರಿಸೋಳು, ಗದರಿಸುತ್ತಲೇ ಮುಟ್ಟಿಕೊಡೋಳು. ಖುಷಿ ಆಗುತ್ತಿತ್ತು. ಸುಳ್ಳು ಯಾಕೆ, ಬಹಳ ಖುಷಿ ಆಗುತ್ತಿತ್ತು. ಐವತ್ತನಾಲ್ಕು ವರ್ಷದಲ್ಲಿ ಯಾರೂ ಆಕೆಯ ಕೈಗೆ ಒಂದು ಗುಣ ಇದೆ ಅಂದಿರಲಿಲ್ಲ.

ಈ ಕೈಗುಣದ ಬಣ್ಣ ಬಯಲಾಗಲು ಶುರುವಾದದ್ದು ಪೀಣ್ಯದಲ್ಲಿ. ನೀರು ಪರೀಕ್ಷೆಯ ಕಿಟ್ ಮಾಡೋ ಕಂಪನಿಯವರು ಲೇಖನ ನೋಡಿ ಕರೆದಿದ್ದರು. "ನಮ್ಮ ಲ್ಯಾಬಲ್ಲಿ, ನಮ್ಮ ಎದುರು ಮೂರು ಸಲ ಮಾಡಿ ತೋರ್ಸಿ. ಮೂರೂ ಒಂದೇ ಥರ ಬಂದ್ರೆ ಸಾಕು." ಲಾವಣ್ಯ ಸೊಪ್ಪು, ಬೆಳ್ಳಿ ಉಪ್ಪು ಎಲ್ಲ ಹೊತ್ತುಕೊಂಡು ಹೋದಳು. ಬುಡ್ಡಿ ಮಾತ್ರ ಅವರದೇ, ಹೊಸವು. ಮೂರೂ ಕಪ್ಪಾದವು. ಕಂಪನಿಯವರು ಮರ್ಯಾದಸ್ಥರು, ಕಾಫಿ ಕುಡಿಸಿ ಕಳಿಸಿದರು.

ಮಂಗಳವಾರ ಮೇಡಂ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಸಿಂಕಿನ ಬಳಿ ನಿಂತಿದ್ದ ಭಾಗ್ಯಮ್ಮನಿಗೆ ಒಂದೊಂದು ಮಾತೂ ಕೇಳಿಸಿತು.

"ಇಲ್ಲಿ ಬರುತ್ತೆ, ಅಲ್ಲಿ ಬರಲ್ಲ. ನೀನೊಬ್ಬಳೇ ಇದ್ದಾಗ ಬರುತ್ತೆ, ಬೇರೆಯವರು ನೋಡಿದ್ರೆ ಬರಲ್ಲ. ನಾನೇನಂತ ತಿಳ್ಕೊಳ್ಳಲಿ ಲಾವಣ್ಯ?"

"ಮೇಡಂ, ನಾನು ಏನೂ ಬೆರೆಸಿಲ್ಲ. ಅಮ್ಮನಾಣೆ."

"ಆಣೆ ಎಲ್ಲ ಬೇಡ. ಶುಕ್ರವಾರ ಬೆಳಿಗ್ಗೆ ಮೂರು ಹೊಸ ಫ್ಲಾಸ್ಕ್, ನನ್ನೆದುರು. ಬರದೇ ಇದ್ರೆ ಲೇಖನ ವಾಪಸ್ ತಗೋತೀನಿ ಅಂತ ಪತ್ರ ಬರೀತೀನಿ. ನನ್ನ ಹೆಸರೂ ಇದೆ ಅದರಲ್ಲಿ. ನಿನ್ನ ರಿಜಿಸ್ಟ್ರೇಷನ್ ವಿಷಯ ಕಮಿಟಿ ನೋಡ್ಕೊಳ್ಳುತ್ತೆ."

ಹೊರಗೆ ಬಂದ ಹುಡುಗಿಯ ಮುಖ ನೋಡಲಾಗಲಿಲ್ಲ. "ನಾನು ತೊಳ್ದು ಕೊಡ್ತೀನಿ ತಾಯಿ, ಒಸಾ ಬುಡ್ಡಿನ" ಅಂದಳು ಭಾಗ್ಯಮ್ಮ. ಲಾವಣ್ಯ ಬೇಡ ಅಂತ ತಲೆಯಾಡಿಸಿದಳು. "ಇರಣ್ಣ ತೊಳೀಲಿ ಅಂದಿದಾರೆ ಅಕ್ಕಾ. ನನಗೆ ಹತ್ತಿರದವರು ಯಾರೂ ಮುಟ್ಟಬಾರದಂತೆ."

ಆ ರಾತ್ರಿಯೂ ಭಾಗ್ಯಮ್ಮ ಅಂದುಕೊಂಡದ್ದು ತನ್ನ ಕೈಗುಣ ಇಲ್ಲದೆ ಹುಡುಗಿ ಹಾಳಾಗ್ತಾಳಲ್ಲಾ ಅಂತಲೇ. ಬುಧವಾರ ಬೆಳಿಗ್ಗೆ ಮೊಮ್ಮಗುವಿನ ಬೆಳ್ಳಿ ಒಳಲೆ ಕಪ್ಪಾಗಿತ್ತು ಅಂತ ಅಂಟುವಾಳದಲ್ಲಿ ತೊಳೆದಳು. ಲ್ಯಾಬಿನ ಅಭ್ಯಾಸ, ಮೂರೇ ಸಲ ಗಲಬರಿಸಿದಳು. ಮಾಲಾ ಅದರಲ್ಲಿ ಹಾಲು ಹಾಕಿ ಮಗುವಿನ ಬಾಯಿಗೆ ಹಿಡಿದಳು. ಮಗು ಮುಖ ಸಿಂಡರಿಸಿ ಥೂ ಅಂತ ಉಗಿಯಿತು.

"ಅಮ್ಮಾ, ಕಹಿ ಕಣಮ್ಮ ಇದು! ಸರಿಯಾಗಿ ತೊಳ್ದಿಲ್ವಾ?"

"ಮೂರು ಸಲ ತೊಳ್ದಿವ್ನಿ" ಅನ್ನುತ್ತಾ ಭಾಗ್ಯಮ್ಮ ಒಳಲೆಯ ಅಂಚಿಗೆ ನಾಲಿಗೆ ತಾಗಿಸಿದಳು. ಕಹಿ. ಫಳಫಳ ಹೊಳೆಯೋ ಬೆಳ್ಳಿ, ಮೂರು ಸಲ ಗಲಬರಿಸಿದ ಬೆಳ್ಳಿ, ಕಹಿ. ನೀರಿಗೆ ಹೋಗದ ಅಂಟುವಾಳ ಅದರ ಮೈಗೆ ಹತ್ತಿಕೊಂಡೇ ಇತ್ತು. ಹಾಗಾದರೆ ಎರಡು ವರ್ಷ ಆಕೆ ತೊಳೆದ ಬುಡ್ಡಿಗಳು? ಶ್ಯಾವಿಗೆಗೆ ಎಣ್ಣೆ ಇದ್ದ ಹಾಗೆ ಅಂದಿದ್ದಳಲ್ಲ ಲಾವಣ್ಯ, ಆ ಎಣ್ಣೆ ಸೊಪ್ಪಿನದಲ್ಲ, ಅಂಟುವಾಳದ್ದು! ಇರಣ್ಣ ತೊಳೆದಾಗ ಕಪ್ಪು, ಪೀಣ್ಯದಲ್ಲಿ ಕಪ್ಪು, ತಾನು ತೊಳೆದಾಗ ಜೇನು. ಒಂದೊಂದೇ ಸೇರಿಸುತ್ತಾ ಭಾಗ್ಯಮ್ಮ ಒಳಲೆಯನ್ನು ಕೆಳಗಿಟ್ಟಳು. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ನಿಯಮ ಮುರಿದು, ಕಳ್ಳತನದಲ್ಲಿ ತೊಳೆದು, ಒಂದು ಹೆಣ್ಣುಮಗಳನ್ನು ಸುಳ್ಳಿ ಅನ್ನಿಸಿದ್ದಳು. ಹಾಲು ಉಕ್ಕಿದ್ದು ಆಗ.

ಹೇಳಿಬಿಟ್ಟರಾಯಿತು ಅಂತ ನೀವಂತೀರಿ. ಗುರುವಾರ ಹೇಳಲೆಂದೇ ಹೋದಳು. ಮೇಡಂ ಬಾಗಿಲವರೆಗೆ ಎರಡು ಸಲ ಹೋದಳು. ಒಂದು ಸಲ ಅವರು ಫೋನಿನಲ್ಲಿದ್ದರು. ಇನ್ನೊಂದು ಸಲ ತಲೆಯೆತ್ತಿ "ಏನು ಭಾಗ್ಯಮ್ಮ?" ಅಂದರು. "ಏನಿಲ್ಲ ಮೇಡಂ, ಕಸದ ಬುಟ್ಟಿ" ಅಂತ ಖಾಲಿ ಬುಟ್ಟಿ ಎತ್ತಿಕೊಂಡು ಬಂದಳು. ತಿರುಗಿ ಅದನ್ನು ಇಡಲು ಹೋಗೋಕೂ ಧೈರ್ಯ ಬರಲಿಲ್ಲ. ಹೇಳಿದರೆ ಕೆಲಸ ಹೋಗುತ್ತೆ. ಹೋಗಲಿ ಅಂದರೂ, ಹನುಮಯ್ಯನ ಪಕ್ಕ ಕೂತು ಇನ್ನುಳಿದ ಬದುಕೆಲ್ಲ ಬಾಡಿಗೆಯವರ ಬೈಕು ಕಾಯೋದಾ? ಬೆಳಕಿಗೆ ಹಿಡಿದು ನೋಡೋ ಒಂದು ಜೀವ ಇರಲ್ಲ. ಮನೆಗೆ ಬಂದು ಕಾಂಪೌಂಡಿನ ಸುತ್ತ ಹತ್ತು ಸಲ ತಿರುಗಿದಳು. ತಿರುಗುತ್ತಾ ತಿರುಗುತ್ತಾ ಇನ್ನೊಂದು ಯೋಚನೆ ಬಂತು. ಹೇಳೋದೇ ಬೇಡ. ಹೊಸ ಬುಡ್ಡಿಗಳನ್ನೂ ಅಂಟುವಾಳದಲ್ಲಿ ಒಂದು ಸಲ ತೊಳೆದಿಟ್ಟರೆ? ಮೂರೂ ಜೇನಾಗ್ತವೆ. ಹುಡುಗಿಯೂ ಉಳೀತಾಳೆ, ನಾನೂ ಉಳೀತೀನಿ.

ಶುಕ್ರವಾರ ಮೊದಲನೇ ಬಸ್ಸಿಗೆ ಹೊರಟಳು. ಚೀಲದಲ್ಲಿ ಊಟದ ಡಬ್ಬಿ, ಅದರ ಪಕ್ಕ ಬಾಟಲಿಯಲ್ಲಿ ಅಂಟುವಾಳದ ನೀರು. ಬಸ್ಸು ಕುಲುಕಿದಾಗೆಲ್ಲ ಬಾಟಲಿಯೊಳಗೆ ನೊರೆ ಏಳುತ್ತಿತ್ತು. ಸೀಟು ಖಾಲಿ ಇದ್ದರೂ ನಿಂತೇ ಹೋದಳು.

ಲ್ಯಾಬಿನ ಬೀಗದ ಕೈ ಆಕೆಯ ಸೊಂಟದಲ್ಲೇ ಇರುತ್ತಿತ್ತು. ಇರಣ್ಣ ಆಸಿಡ್ಡಿನಲ್ಲಿ ತೊಳೆದಿಟ್ಟ ಮೂರು ಹೊಸ ಬುಡ್ಡಿ ಒಣಗಿಸೋ ಓವನ್ನಿನೊಳಗೆ ಸಾಲಾಗಿ ಕೂತಿದ್ದವು. ಮೊದಲನೆಯದನ್ನು ತೆಗೆದು, ಅಂಟುವಾಳದ ನೀರು ಹಾಕಿ, ಕೈ ಆಡಿಸಿ, ಮೂರು ಸಲ ಗಲಬರಿಸಿ ವಾಪಸ್ ಇಟ್ಟಳು. ಎರಡನೆಯದಕ್ಕೆ ಕೈ ಹಾಕಿದ್ದಳು ಅಷ್ಟೇ, ಹೊರಗೆ ಚಪ್ಪಲಿ ಸದ್ದು. ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಓವನ್ನಿನ ಬಾಗಿಲು ಹಾಕಿದಳು.

ಲಾವಣ್ಯ. ಕಣ್ಣು ಕೆಂಪಗೆ ಊದಿತ್ತು. ಸ್ಟೂಲಿನ ಮೇಲೆ ಕುಕ್ಕರಿಸಿ, "ಅಕ್ಕಾ, ಇವತ್ತು ಬರದಿದ್ರೆ ನಾನೇ ಏನೋ ಮೋಸ ಮಾಡಿದೀನಿ ಅಂತ ಒಪ್ಕೊಂಡ್ಬಿಡ್ತೀನಿ" ಅಂದಳು. "ಸಾಕಾಯ್ತು. ನನಗೇ ಈಗ ಅನುಮಾನ. ನಿದ್ದೆಯಲ್ಲಿ ಏನಾದ್ರೂ ಬೆರೆಸ್ತಿದ್ನಾ ಅಂತ."

ನಿಜ ಭಾಗ್ಯಮ್ಮನ ಬಾಯಿಯ ತನಕ ಬಂತು. ಹೊರಗೆ ಬರಲಿಲ್ಲ. ಛೀ ಅಂತ ತನಗೆ ತಾನೇ ಅಂದುಕೊಂಡಳು, ಆದರೂ ಬರಲಿಲ್ಲ. "ನೀರು ಕುಡಿ ತಾಯಿ" ಅಂದಳು. ಅಷ್ಟೇ.

ಹತ್ತು ಗಂಟೆಗೆ ಮೇಡಂ ಬಂದರು. ಹಿಂದೆ ಇರಣ್ಣ. ಮೇಡಂ ತಾವೇ ಮೂರು ಬುಡ್ಡಿ ತೆಗೆದು ಒಂದು, ಎರಡು, ಮೂರು ಅಂತ ಚೀಟಿ ಅಂಟಿಸಿದರು. ಬೆಳ್ಳಿ ಉಪ್ಪಿನ ನೀರು ತಾವೇ ಅಳೆದು ಹಾಕಿದರು. ಲಾವಣ್ಯ ತೊಟ್ಟು ತೊಟ್ಟಾಗಿ ಕಷಾಯ ಬಿಟ್ಟಳು. ಇನ್ನು ಅರ್ಧ ಗಂಟೆ ಕಾಯಬೇಕು. ಮೂಲೆಯಲ್ಲಿ ನಿಂತ ಭಾಗ್ಯಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಎರಡನೇ ಬುಡ್ಡಿ ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪು. ಮೂರನೆಯದೂ ಹಾಗೇ. ಮೊದಲನೆಯದು ನಿಧಾನವಾಗಿ ಹಳದಿಗೆ ತಿರುಗಿ, ಹೊಸ ಜೇನಿನ ಬಣ್ಣಕ್ಕೆ ನಿಂತಿತು.

ಲಾವಣ್ಯ ಅದನ್ನೇ ನೋಡಿದಳು. "ಒಂದು ಬಂತು ಮೇಡಂ."

"ಮೂರರಲ್ಲಿ ಒಂದು." ಮೇಡಂ ಧ್ವನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ಒಂದು ಅಂದ್ರೆ ಆಕಸ್ಮಿಕ. ಇಲ್ಲಾ ಅಂದ್ರೆ ಅದಕ್ಕೆ ಏನೋ ಸೇರಿದೆ. ಬೆಳಿಗ್ಗೆ ನೀನು ನನಗಿಂತ ಮುಂಚೆ ಬಂದಿದ್ಯಂತೆ?"

"ಬಂದಿದ್ದೆ. ಆದ್ರೆ..."

"ಇರಲಿ. ನೋಟ್‌ಬುಕ್ ಕೊಡು. ನಾನು ಪತ್ರ ಬರೀತೀನಿ."

"ಅವಳಲ್ಲ!"

ಇಷ್ಟು ಜೋರಾಗಿ ಯಾರು ಕೂಗಿದರು ಅಂತ ಭಾಗ್ಯಮ್ಮನೇ ಒಂದು ಕ್ಷಣ ತಿರುಗಿ ನೋಡಿದಳು. "ಅವಳಲ್ಲ ಮೇಡಂ, ನಾನು. ಆ ಒಂದನೇ ಬುಡ್ಡಿ ನಾನು ತೊಳ್ದಿದ್ದು. ಬೆಳಿಗ್ಗೆ ಕದ್ದು ತೊಳ್ದೆ. ಮೂರನ್ನೂ ತೊಳ್ಯಾಣ ಅಂತಿದ್ದೆ, ಅಷ್ಟೊತ್ಗೆ ಈ ಮಗು ಬಂತು." ಸೆರಗಿನೊಳಗಿಂದ ಬಾಟಲಿ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಒಳಗೆ ಇನ್ನೂ ನೊರೆಯಿತ್ತು. "ಅಂಟುವಾಳ. ಎರಡು ವರ್ಷದಿಂದ ಇದ್ರಲ್ಲೇ ತೊಳೀತಿವ್ನಿ. ಆಸಿಡ್ ಮುಟ್ಟೇ ಇಲ್ಲ."

ಇರಣ್ಣ "ಯಪ್ಪಾ" ಅಂದ. ಮೇಡಂ ಬಾಟಲಿಯನ್ನು ನೋಡಿದರು, ಬುಡ್ಡಿಯನ್ನು ನೋಡಿದರು, ಮತ್ತೆ ಬಾಟಲಿ. "ಎರಡು ವರ್ಷ?" ಅಂತ ನಿಧಾನವಾಗಿ ಕೇಳಿದರು. "ನಿಯಮ ಗೋಡೆ ಮೇಲೆ ಬರೆದು ಅಂಟ್ಸಿದೀನಲ್ಲ ಭಾಗ್ಯಮ್ಮ? ಕನ್ನಡದಲ್ಲೇ ಬರೆದಿದೀನಿ!"

"ಓದಿವ್ನಿ ಮೇಡಂ." ಭಾಗ್ಯಮ್ಮ ರವಿಕೆಯ ತೋಳನ್ನು ಮೇಲೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಚರ್ಮ ಸುಕ್ಕುಗಟ್ಟಿ, ಬಿಳಿಚಿಕೊಂಡು, ಅಂಗೈಯಗಲ ಕಲೆ. "ಗ್ಲೌಸ್ ಇರ್ಲಿಲ್ಲ. ಆಮೇಲೆ ಬಂದ್ವು. ಆದ್ರೆ ಎದ್ರಿಕೆ ಓಗ್ಲಿಲ್ಲ. ಎದ್ರಿಕೆ ಅಂತ ಏಳಿದ್ರೆ ತೆಗೆದಾಕ್ತೀರ ಅಂತ ಏಳ್ಲಿಲ್ಲ. ನಿಮ್ಮ ಲೆಕ್ಕ ಕೆಡ್ತದೆ ಅಂತ ಗೊತ್ತಿರ್ಲಿಲ್ಲ. ಬುಧವಾರ ಗೊತ್ತಾಯ್ತು. ಬುಧವಾರದಿಂದ ಇಲ್ಲೀವರೆಗೂ ಸುಮ್ನಿದ್ದಿದ್ದು ತಪ್ಪು. ಅದಕ್ಕೇನು ಮಾಡ್ತೀರೋ ಮಾಡಿ. ಈ ಮಗೀನ ಬುಟ್ಬುಡಿ."

ಲಾವಣ್ಯ ಎದ್ದು ನಿಂತಳು. ಅಪ್ಪಿಕೊಳ್ಳುತ್ತಾಳೆ ಅಂತ ಇರಣ್ಣ ಅಂದುಕೊಂಡಿರಬೇಕು. ಅವಳು ಮೇಜಿಗೆ ಗುದ್ದಿದಳು.

"ಎರಡು ವರ್ಷ ಅಕ್ಕಾ! ದಿನಾ ನನ್ನ ಪಕ್ಕದಲ್ಲೇ ಇದ್ರಿ! ಸೊಪ್ಪು, ಸೊಪ್ಪು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ, ಲೇಖನ ಬರೆದೆ. ಎಲ್ಲಾ ಸುಳ್ಳಾಯ್ತಲ್ಲ!" ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದು ಮಾತು ತೊದಲಿತು. ಭಾಗ್ಯಮ್ಮ ತಲೆ ತಗ್ಗಿಸಿ ನಿಂತು ಅಷ್ಟನ್ನೂ ಕೇಳಿಸಿಕೊಂಡಳು. ಬೈಯಲಿ ಅನ್ನಿಸಿತು. ಬೈಸಿಕೊಂಡಷ್ಟೂ ಎದೆ ಹಗುರಾಗುತ್ತಿತ್ತು. ಮೂರು ದಿನದಲ್ಲಿ ಮೊದಲ ಸಲ ಕಾಲು ಒಂದೇ ಕಡೆ ನಿಂತಿದ್ದವು.

ಮೇಡಂ ಆ ಕಲೆಯನ್ನೇ ನೋಡುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡರು. "ಸುಳ್ಳಾಗಿಲ್ಲ ಲಾವಣ್ಯ. ತಪ್ಪಾಗಿದೆ. ಎರಡೂ ಬೇರೆ. ಪತ್ರ ಬರೀಲೇಬೇಕು. ಲೇಖನ ವಾಪಸ್, ಕಾರಣ ಸಮೇತ. ಎಲ್ಲ ಮೊದಲಿಂದ, ಸೊಪ್ಪು ಬೇರೆ, ಅಂಟುವಾಳ ಬೇರೆ, ಎರಡೂ ಸೇರಿಸಿ ಬೇರೆ. ಒಂದು ವರ್ಷ ಹಿಡಿಯುತ್ತೆ. ಮಾಡ್ತೀಯಾ?" ಲಾವಣ್ಯ ಮೂಗು ಒರೆಸಿಕೊಂಡು ಹೂಂ ಅಂತ ತಲೆಯಾಡಿಸಿದಳು. ಮೇಡಂ ಭಾಗ್ಯಮ್ಮನ ಕಡೆ ತಿರುಗಿದರು. "ನಿಮಗೆ ಕಾರಣ ಕೇಳಿ ನೋಟಿಸ್ ಕೊಡ್ಲೇಬೇಕು. ಕೊಡ್ತೀನಿ. ಆ ಗ್ಲೌಸ್ ವಿಷಯಕ್ಕೆ ನನಗೂ ಯಾರಾದ್ರೂ ಒಂದು ಕೊಡ್ಬೇಕು." ಅಷ್ಟು ಹೇಳಿ ಸ್ಟೂಲ್ ಎಳೆದು ಕೂತರು. "ಈಗ ಹ್ಯಾಗೆ ತೊಳೀತೀರಾ ಹೇಳಿ. ಒಂದೂ ಬಿಡ್ಬೇಡಿ. ಲಾವಣ್ಯ, ಬರ್ಕೊ."

"ರಾತ್ರಿ ನೆನಾಕ್ತೀನಿ. ಒಂದಿಡಿ ಸಿಪ್ಪೆ, ಒಂದು ಚೊಂಬು ನೀರು."

"ಒಂದು ಹಿಡಿ ಅಂದ್ರೆ ಎಷ್ಟು ಗ್ರಾಂ?"

"ಗ್ರಾಮಾ?" ಭಾಗ್ಯಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. "ಇಡಿ ಅಂದ್ರೆ ಇಡಿ ಮೇಡಂ."

ಲಾವಣ್ಯ ಪೆನ್ನು ಕೆಳಗಿಟ್ಟಳು. "ಹಿಡಿ ಅಂತ ಬರೆಯೋಕಾಗಲ್ಲ ಮೇಡಂ. ಇವತ್ತೊಂದು ಹಿಡಿ, ನಾಳೆ ಒಂದು ಹಿಡಿ. ಮತ್ತೆ ಮೂರರಲ್ಲಿ ಒಂದು ಬರುತ್ತೆ." ಹೇಳುತ್ತಾ ಅವಳ ಮುಖ ಮತ್ತೆ ಬಾಡಿತು.

ಸಿಂಕಿನ ಕೆಳಗೆ ಮರೆಯಲ್ಲಿಟ್ಟಿದ್ದ ಅಂಟುವಾಳದ ಡಬ್ಬ ಹೊರಗೆ ಬಂತು. ತಕ್ಕಡಿಯ ಗಾಜಿನ ಬಾಗಿಲು ಸರಿಸಿ, ಮೇಲೊಂದು ಕಾಗದ ಇಟ್ಟು, ಲಾವಣ್ಯ "ಹಾಕಿ" ಅಂದಳು. ಭಾಗ್ಯಮ್ಮ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಸುರಿದಳು. ಮೂವತ್ತೊಂದು ಗ್ರಾಂ. ಲಾವಣ್ಯ ಬರೆದುಕೊಂಡು ಸಿಪ್ಪೆಯನ್ನು ವಾಪಸ್ ಡಬ್ಬಕ್ಕೆ ಸುರಿದು ಕಲಸಿದಳು. "ಇನ್ನೊಂದು ಸಲ." ಮುನಿಯಕ್ಕನ ಏಟು ಬೀಳುತ್ತೇನೋ ಅನ್ನೋಹಾಗೆ ಭಾಗ್ಯಮ್ಮ ಮುಂಗೈ ಬಿಗಿ ಹಿಡಿದು ಇನ್ನೊಂದು ಹಿಡಿ ಹಾಕಿದಳು. ಮೂವತ್ತೊಂದು.

ಮೇಡಂ ಎದ್ದು ಹತ್ತಿರ ಬಂದರು. "ಕಣ್ಣು ಮುಚ್ಕೊಂಡು ಹಾಕಿ."

ಭಾಗ್ಯಮ್ಮ ಕಣ್ಣು ಮುಚ್ಚಿದಳು. ಡಬ್ಬ, ಸಿಪ್ಪೆ, ಮುಷ್ಟಿ. ಸುರಿದಳು. ತಪ್ಪಾಯಿತೇನೋ ಅಂತ ಒಂದು ಕಣ್ಣು ತೆರೆದಳು. ಮೂವತ್ತೊಂದು.

ಲಾವಣ್ಯ ಆ ಅಂಕಿಯನ್ನು ನೋಡಿದಳು, ಕಲೆಯಿದ್ದ ಆ ಕೈಯನ್ನು ನೋಡಿದಳು. ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. "ಐದು ವರ್ಷದಲ್ಲಿ ಈ ಲ್ಯಾಬಲ್ಲಿ ಮೂರು ಸಲ ಒಂದೇ ಥರ ಬಂದಿದ್ದು ಇದೊಂದೇ ಅಕ್ಕಾ" ಅಂತ ಬಿಕ್ಕಿ ಬಿಕ್ಕಿ ಅತ್ತಳು.

"ಏಯ್, ಆಚೆ ಬಂದು ಅಳು ತಾಯಿ" ಅಂದಳು ಭಾಗ್ಯಮ್ಮ. ತನ್ನ ಕಣ್ಣೂ ತುಂಬಿದ್ದಕ್ಕೆ ಇನ್ನಷ್ಟು ಗದರಿದಳು. "ಕಣ್ಣೀರು ತಕ್ಕಡಿ ಮೇಲೆ ಬಿದ್ರೆ ತೂಕ ತಪ್ತದೆ."